ನರ್ಸಿಂಗ್ ಪಾಠದ ‘ಕಾಂಪಿಟೆನ್ಸಿ’ಗೆ ‘ಸಾಮರ್ಥ್ಯ’ ಒಪ್ಪುತ್ತದೆಯೇ?

ಬಲ್ಲವರಿಗೆಲ್ಲ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರುವ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮ ಬದಲಿಸಿದಾಗ, ಸೆಮಿಸ್ಟರ್ ಪದ್ಧತಿಯ ಜತೆಗೆ ‘ಕಾಂಪಿಟೆನ್ಸಿ ಬೇಸ್ಡ್’ ಕಲಿಕೆಯೂ ಬಂತು. ಇದನ್ನು ‘ಸಾಮರ್ಥ್ಯ ಆಧಾರಿತ ತರಬೇತಿ’ ಎಂದು ಬರೆಯುವುದು ರೂಢಿ. ನನಗೆ ತೊಡಕಾಗಿರುವುದು ‘ಆಧಾರಿತ’ದಲ್ಲಿ.

‘ಅರ್ಹತೆ ಆಧಾರಿತ ಆಯ್ಕೆ’ ಎಂದರೆ ಅರ್ಹತೆ ನೋಡಿ ಮಾಡಿದ ಆಯ್ಕೆ. ಅದೇ ಜಾಡಿನಲ್ಲಿ ಓದಿದವರಿಗೆ ‘ಸಾಮರ್ಥ್ಯ ಆಧಾರಿತ ತರಬೇತಿ’ ಎಂದರೆ ಕಲಿಯುವವರ ಶಕ್ತಿ ನೋಡಿ, ಜಾಣರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಕಲಿಸುವುದು ಎಂದೇ ತೋರುತ್ತದೆ. ನಿಜವಾದ ಅರ್ಥ ಇದಕ್ಕೆ ತದ್ವಿರುದ್ಧ. ಯಾರೇ ಆಗಲಿ, ಇಷ್ಟನ್ನು ಮಾಡಿ ತೋರಿಸದೆ ಮುಂದೆ ಹೋಗುವಂತಿಲ್ಲ ಎಂಬುದೇ ಇದರ ತಿರುಳು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ವೈದ್ಯಕೀಯ ಶಿಕ್ಷಣ ತಜ್ಞ ರೊನಾಲ್ಡ್ ಹಾರ್ಡನ್ ರೂಪಿಸಿದ ‘ಆಸ್ಕಿ’ (OSCE) ಎಂಬ ಪ್ರಾಯೋಗಿಕ ಪರೀಕ್ಷೆ ಇಲ್ಲಿ ಬಳಕೆಯಾಗುವುದೂ ಅದಕ್ಕೇ. ವಿದ್ಯಾರ್ಥಿ ಒಂದೊಂದು ಮೇಜಿಗೂ ಹೋಗಿ, ಕೊಟ್ಟ ಸಮಯದೊಳಗೆ ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ಪಟ್ಟಿ ಹಿಡಿದು ಗುರುತು ಹಾಕುತ್ತಾರೆ.

‘ಕೌಶಲ’ ಎಂದುಬಿಡಬಹುದಲ್ಲ ಎಂದು ಸ್ನೇಹಿತರೊಬ್ಬರು ಕೇಳಿದರು. ಸಾಲದು ಎನಿಸುತ್ತದೆ. ರೋಗಿಗೆ ರಕ್ತ ಕೊಡುವುದನ್ನೇ ನೋಡಿ. ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕುವುದು ಕೌಶಲ. ಆದರೆ ರೋಗಿಯ ಹೆಸರು, ರಕ್ತದ ಗುಂಪು, ಚೀಲದ ಸಂಖ್ಯೆಗಳನ್ನು ಇನ್ನೊಬ್ಬರ ಜತೆ ತಾಳೆ ನೋಡಬೇಕು. ಮೊದಲ 15 ನಿಮಿಷ ಹತ್ತಿರವೇ ಇದ್ದು ಗಮನಿಸಬೇಕು. ಚಳಿ, ನಡುಕ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು, ಗಾಬರಿಯಾದವರಿಗೆ ಧೈರ್ಯ ಹೇಳಬೇಕು, ಎಲ್ಲವನ್ನೂ ಬರೆದಿಡಬೇಕು. ತಿಳಿವಳಿಕೆ, ಕೈಕೆಲಸ, ವಿವೇಚನೆ, ಮಾತು ಎಲ್ಲ ಒಟ್ಟಿಗೆ ನಡೆದಾಗಷ್ಟೇ ಅದು ಕಾಂಪಿಟೆನ್ಸಿ. ರೋಗಿಯ ಜೀವ ಉಳಿಯುವುದು ಈ ಒಟ್ಟಂದದಿಂದ. ಹಾಗಾಗಿ ಪದ ಸಡಿಲವಾಗಬಾರದು ಎಂಬ ಹಟ ನನಗೆ.

‘ದಕ್ಷತೆ’ ಚುರುಕುತನದ ಕಡೆ ವಾಲುತ್ತದೆ. ‘ಅರ್ಹತೆ’ ಅಂಕಪಟ್ಟಿಯ ಕಡೆ. ‘ಪರಿಣತಿ’ಗೆ ಬೇರೆಯೇ ತೊಂದರೆ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ವಿವರಿಸಿದ ನರ್ಸುಗಳ ಐದು ಹಂತಗಳಲ್ಲಿ ‘ಕಾಂಪಿಟೆಂಟ್’ ಮೂರನೆಯದು, ‘ಎಕ್ಸ್‌ಪರ್ಟ್’ ಕೊನೆಯದು. ಮೂರನೆಯದಕ್ಕೇ ಪರಿಣತ ಎಂದರೆ ಕೊನೆಯದಕ್ಕೆ ಏನು ಉಳಿಯಿತು? ಆಡುಮಾತಿನ ‘ನುರಿತ’ಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ಕೈ ಪಳಗಿದೆ’ ಎಂಬುದು ಚೆಂದವಾಗಿದ್ದರೂ ಕೈಗಷ್ಟೇ ನಿಲ್ಲುತ್ತದೆ.

ಸದ್ಯಕ್ಕೆ ‘ಸಾಮರ್ಥ್ಯ’ವನ್ನು ಉಳಿಸಿಕೊಂಡು ‘ಆಧಾರಿತ’ವನ್ನು ಬಿಟ್ಟು, ‘ಸಾಮರ್ಥ್ಯಗಳಿಕೆಯ ತರಬೇತಿ’ ಎಂದು ಬರೆದಿದ್ದೇನೆ. ಸಾಮರ್ಥ್ಯ ಮೊದಲೇ ಇರುವುದಲ್ಲ, ಗಳಿಸಬೇಕಾದ್ದು ಎಂಬುದು ಇದರಲ್ಲಿ ಬರುತ್ತದೆ. ಬೆನ್ನರ್ ಅವರ ಕೊನೆಯ ಮೂರು ಹಂತಗಳಿಗೆ ಸಮರ್ಥ, ನಿಪುಣ, ಪರಿಣತ ಎಂದು ಇಟ್ಟುಕೊಂಡಿದ್ದೇನೆ.

ಓದುವಾಗ ಇದು ತಡವರಿಸುತ್ತದೆಯೇ? ಬಳಗದಲ್ಲಿ ಶುಶ್ರೂಷಾಧಿಕಾರಿಗಳಿದ್ದರೆ ದಯವಿಟ್ಟು ಹೇಳಿ: ‘ಈ ಹುಡುಗಿಯನ್ನು ಇನ್ನು ರಾತ್ರಿಪಾಳಿಗೆ ಒಬ್ಬಳನ್ನೇ ಬಿಡಬಹುದು’ ಎನಿಸಿದಾಗ, ನಿಮ್ಮ ವಾರ್ಡಿನಲ್ಲಿ ಕನ್ನಡದಲ್ಲಿ ಏನನ್ನುತ್ತೀರಿ?