ಕಾಡುಹಂದಿ ಮತ್ತು ‘ಋತುಚಕ್ರ’: ಯಾವ ಋತು, ಯಾವ ಚಕ್ರ?

ನಮಸ್ಕಾರ,

ಕಾಡುಹಂದಿ ಮರಿ ಹಾಕುವ ಕಾಲದ ಬಗ್ಗೆ ಬರೆಯುತ್ತಾ ‘ಋತುಚಕ್ರ’ದ ಹತ್ತಿರ ನಿಂತುಬಿಟ್ಟೆ. ಕರಡಿನಲ್ಲಿ ಹೀಗಿದೆ: ‘ಹೆಣ್ಣಿನ ಹಾರ್ಮೋನುಗಳು ಋತುಚಕ್ರಕ್ಕೆ ತಕ್ಕಂತೆ ಏರಿಳಿಯುತ್ತವೆ.’ ಮಳೆಗಾಲ, ಚಳಿಗಾಲ ಸುತ್ತಿ ಬರುವುದೂ ಋತುಚಕ್ರ, ಹೆಣ್ಣಿನ ಮೈಯಲ್ಲಿ ನಡೆಯುವುದೂ ಋತುಚಕ್ರ. ಇಲ್ಲಿ ಎರಡೂ ನಿಜ, ತೊಂದರೆ ಇರುವುದೇ ಅಲ್ಲಿ.

ವಿಷಯ ಇಷ್ಟು. ಯುರೋಪಿನ ಕಾಡುಹಂದಿಗಳು ಹೆಚ್ಚಾಗಿ ನವೆಂಬರ್‌ನಿಂದ ಜನವರಿವರೆಗೆ ಕೂಡುತ್ತವೆ. ಹಗಲು ಕುಗ್ಗಿ ರಾತ್ರಿ ಉದ್ದವಾದಂತೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಜಾಸ್ತಿ ಹೊತ್ತು ಸುರಿಯುತ್ತದೆ, ಮೈಗೆ ಕಾಲ ತಿಳಿಯುವುದು ಅದರಿಂದಲೇ. ಆಗ ಅಂಡಾಶಯ ಎಚ್ಚೆತ್ತು, ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೊಮ್ಮೆ ಬೆದೆ (ಹೆಣ್ಣು ಕೂಡಲು ಒಪ್ಪುವ ಹೊತ್ತು) ಬರುತ್ತದೆ, ಎರಡು ಮೂರು ದಿನ ಇರುತ್ತದೆ. ಗಬ್ಬ ನಿಂತರೆ ಸುಮಾರು 115 ದಿನಕ್ಕೆ, ಅಂದರೆ ವಸಂತದಲ್ಲಿ, ಈಯುತ್ತದೆ. ಓಕ್, ಬೀಚ್ ಕಾಯಿ ಹೇರಳವಾಗಿ ಬಿಟ್ಟ ವರ್ಷ ಇದೆಲ್ಲ ಬೇಗ ಶುರುವಾಗುವುದೂ ಉಂಟು.

ಹಾಗಾಗಿ 21 ದಿನದ್ದಕ್ಕೆ ‘ಬೆದೆಸುತ್ತು’, ಆ ತಿಂಗಳುಗಳಿಗೆ ‘ಬೆದೆಗಾಲ’ ಅಂತ ಇಟ್ಟುಕೊಂಡಿದ್ದೇನೆ. ದನ, ಎಮ್ಮೆ ಸಾಕುವವರು ದಿನಾ ಆಡುವ ಮಾತು ‘ಬೆದೆ’, ಅದನ್ನು ಬಿಟ್ಟು ‘ಋತು’ವಿಗೆ ಯಾಕೆ ಜೋತುಬೀಳಬೇಕು ಅಲ್ವಾ?

ಗಂಡಿನದು ಇನ್ನೊಂದು ತೊಡಕು. ಬೆದೆಗಾಲದಲ್ಲಿ ಅದರ ಟೆಸ್ಟೋಸ್ಟೆರೋನ್ ಏರುತ್ತದೆ, ಹಲ್ಲು ಮಸೆಯುತ್ತಾ ಬಾಯ್ತುಂಬ ನೊರೆ ತರುತ್ತದೆ. ಆ ನೊರೆಯಲ್ಲಿರುವ ಆಂಡ್ರೊಸ್ಟೆನೋನ್ ವಾಸನೆಗೆ ಬೆದೆಗೆ ಬಂದ ಹೆಣ್ಣು ಕಿವಿ ನಿಮಿರಿಸಿ ಕದಲದೆ ನಿಲ್ಲುತ್ತದೆ. ಇದನ್ನು ‘ಮದ’ ಅನ್ನಬಹುದೇ? ‘ಮದ’ ಅಂದ ಕೂಡಲೇ ನನಗೆ ಆನೆ, ಅದರ ಕೆನ್ನೆಯ ಸೋರಿಕೆ ಕಣ್ಣ ಮುಂದೆ ಬರುತ್ತದೆ. ‘ಗಂಡು ಬೆದೆಗೆ ಬಂದಿದೆ’ ಅಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ?

ಕೊನೆಯದು ನನಗೆ ತೀರಾ ಬೇಕಾದ ಪದ. ಬೇಸಿಗೆಯಿಂದ ಶರತ್ಕಾಲದ ಶುರುವಿನವರೆಗೆ ಅಂಡಾಶಯ ಸುಮ್ಮನಿರುತ್ತದೆ, ಗಬ್ಬ ಕಾಯುವ ಹಾರ್ಮೋನು ಪ್ರೊಜೆಸ್ಟೆರೋನ್ ಏರದೆ ತಳದಲ್ಲೇ ಉಳಿಯುತ್ತದೆ. ಒಬ್ಬರು ‘ಬರಡು ಕಾಲ’ ಅಂದರು, ನಾನು ಒಪ್ಪಲಿಲ್ಲ. ಬರಡು ಅಂದರೆ ಗಬ್ಬವೇ ಕಟ್ಟದ್ದು, ಇದು ಮತ್ತೆ ಚಳಿಗಾಲಕ್ಕೆ ಕಟ್ಟುವ ಪ್ರಾಣಿ. ‘ಬೆದೆಬಿಡುವು’ ಅಂದರೆ ಹೇಗೆ? ಇದಕ್ಕಿಂತ ಹಳೆಯ, ಬಳಕೆಯಲ್ಲಿರುವ ಮಾತು ಗೊತ್ತಿದ್ದರೆ ದಯವಿಟ್ಟು ತಿಳಿಸಿ.