ನಾಲ್ಕು ಸಾವಿರದೊಳಗೆ ನುಡಿಸಲು ಯೋಗ್ಯವಾದ ಯುಕುಲೇಲೆ ಯಾವುದು?

ಹೊಸತಂತಿ:
ಕಲಿಯಲು ಮೊದಲ ಯುಕುಲೇಲೆ (ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ಬೇಕು. ಬಜೆಟ್ 4,000, ಎಳೆದರೆ 5,000 ರೂಪಾಯಿ. ಭಾವಗೀತೆ ಹಾಡುತ್ತಾ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದರೆ ಸಾಕು. ಆನ್‌ಲೈನಿನಲ್ಲಿ 1,200ಕ್ಕೂ ಇದೆ, 12,000ಕ್ಕೂ ಇದೆ, ಫೋಟೋದಲ್ಲಿ ಎಲ್ಲ ಒಂದೇ ಥರ. ಸೊಪ್ರಾನೊ, ಕಾನ್ಸರ್ಟ್, ಟೆನರ್ ಎಂಬ ಅಳತೆಗಳಲ್ಲಿ ಯಾವುದು? ಊರು ಮಂಗಳೂರು. ಮಳೆಗಾಲಕ್ಕೆ ಮರ ಉಬ್ಬುತ್ತದಾ?

ಬಿರಡೆ_ರಿಪೇರಿ:
ಕಾನ್ಸರ್ಟ್ ತಗೊಳ್ಳಿ. ಒಟ್ಟು ಉದ್ದ 23 ಇಂಚು, ತಂತಿ ಮಿಡಿಯುವ ಭಾಗ ಸುಮಾರು 15. ಸೊಪ್ರಾನೊದಲ್ಲಿ ಇದು 21 ಮತ್ತು 13ರ ಆಸುಪಾಸು. ಶ್ರುತಿ ಎರಡಕ್ಕೂ ಜಿ-ಸಿ-ಇ-ಎ, ಬೆರಳಿಡುವ ಜಾಗಗಳೂ ಅವೇ. ಆದರೆ ಸೊಪ್ರಾನೊದ ಮನೆಗಳು (ಫ್ರೆಟ್ ಎಂಬ ಅಡ್ಡಪಟ್ಟಿಗಳ ನಡುವಿನ ಜಾಗ) ಇಕ್ಕಟ್ಟು. ಡಿ ಕಾರ್ಡಿಗೆ ಎರಡನೇ ಮನೆಯಲ್ಲಿ ಮೂರು ಬೆರಳು ತೂರಿಸುವಾಗ ಗೊತ್ತಾಗುತ್ತದೆ. ಇನ್ನೊಂದು ಕಾರಣ ಹೆಚ್ಚಿನವರು ಹೇಳುವುದಿಲ್ಲ: ಕುದುರೆ (ಬುರುಡೆಯ ಮೇಲೆ ತಂತಿ ಕಟ್ಟುವ ಅಡ್ಡಪಟ್ಟಿ, ಬ್ರಿಡ್ಜ್) ಒಂದು ಮಿಲಿಮೀಟರ್ ಆಚೀಚೆ ಅಂಟಿದ್ದರೆ, ತಂತಿ ಗಿಡ್ಡವಾದಷ್ಟೂ ಅಪಸ್ವರ ಹೆಚ್ಚು. ಅಗ್ಗದ ವಾದ್ಯದಲ್ಲಿ ಅಂಥ ತಪ್ಪು ಅಪರೂಪವಲ್ಲ.

ಬೆರಳು ದಪ್ಪವಿದ್ದರೆ ಸೈಜಿಗಿಂತ ನಟ್‌ನ (ಬಿರಡೆಗಳ ಬಳಿ ತಂತಿಗಳು ಕೂರುವ ಪಟ್ಟಿ, ವೀಣೆಯವರ ಭಾಷೆಯಲ್ಲಿ ಮೇರುವಿನ) ಅಗಲ ನೋಡಿ. 35 ಮಿ.ಮೀ. ಸಾಮಾನ್ಯ, 38 ಇದ್ದರೆ ಆರಾಮ.

ಮರದ ವಿಷಯಕ್ಕೆ ಬಂದರೆ, ಈ ಬೆಲೆಗೆ 'ಸಾಲಿಡ್ ಟಾಪ್' (ಪದರ ಅಂಟಿಸದ ಇಡೀ ಮರದ ಮೇಲ್ಹಲಗೆ) ಹುಡುಕಬೇಡಿ. ಲ್ಯಾಮಿನೇಟ್ (ಪದರ ಅಂಟಿಸಿದ) ಮಹಾಗನಿ ಅಥವಾ ಸಪೇಲೆ ಮರ ಸಾಕು. ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ತೇವಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಕರಾವಳಿಗೆ ಅದೇ ಲೇಸು. ನಿಜವಾದ ತೊಂದರೆ ಕಲಬುರಗಿ, ರಾಯಚೂರಿನ ಬೇಸಿಗೆಯದು: ಫಿಂಗರ್‌ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈ ಗೀರುತ್ತದೆ.

1,500ರ ಕೆಳಗಿನವು ಬಹುಪಾಲು ಬಣ್ಣದ ಡಬ್ಬಿಗಳು. ಶೋಕೇಸಿಗೆ ಚೆಂದ.

ಬಿಳಿಐದು:
ಮೇಲಿನ ಮಾತಿಗೆ ಒಂದು ತಕರಾರು. ತೇವದ ಭಯವೇ ಮುಖ್ಯವಾದರೆ ಪ್ಲಾಸ್ಟಿಕ್ಕನ್ನು ಯಾಕೆ ಬಿಡಬೇಕು? ಎನ್ಯಾ ನೋವಾ ಯು ಪಾಲಿಕಾರ್ಬೊನೇಟಿನದು, ಕಾನ್ಸರ್ಟ್ ಅಳತೆ. ದನಿಯಲ್ಲಿ ಮರದ ಬೆಚ್ಚಗಿನ ಗುಣ ಕಡಿಮೆ, ನಿಜ. ಮರವೇ ಬೇಕೆಂದರೆ ಕಾಲಾದ ಕೆಎ-15 ಸರಣಿ, ಅದರದ್ದೇ ಅಗ್ಗದ ಮಕಾಲಾ ನೋಡಿ. ಬೆಲೆ ದಿನಕ್ಕೊಂದು ಥರ ಇರುತ್ತದೆ, ಹೋಲಿಸಿ ಕೊಳ್ಳಿ.

ಬ್ರ್ಯಾಂಡ್ ಯಾವುದೇ ಇರಲಿ, ಕೈಗೆ ಬಂದ ಪೀಸ್ ಪರೀಕ್ಷಿಸದೆ ಒಪ್ಪಬೇಡಿ. ಹಿಂತಿರುಗಿಸುವ ಅವಧಿಯೊಳಗೇ ಮಾಡಿ. ಮೊದಲು ಟ್ಯೂನರ್ ಹಚ್ಚಿ ಶ್ರುತಿ ಮಾಡಿ. ಎ ತಂತಿಯನ್ನು 12ನೇ ಮನೆಯಲ್ಲಿ ಒತ್ತಿ ಮೀಟಿದರೆ ಮತ್ತೆ ಎ ತೋರಿಸಬೇಕು. 10 ಸೆಂಟ್ (ಒಂದು ಮನೆಯ ಸ್ವರಾಂತರದ ನೂರನೇ ಒಂದು ಪಾಲು ಒಂದು ಸೆಂಟ್) ಹೆಚ್ಚುಕಮ್ಮಿ ಸಹಿಸಬಹುದು, 20 ದಾಟಿದರೆ ವಾಪಸ್. ಆಮೇಲೆ ಪ್ರತಿ ತಂತಿಯ ಮೊದಲ ಮನೆ. ಅಲ್ಲಿ ಮಾತ್ರ ಸ್ವರ ಏರಿದ್ದರೆ ನಟ್ ಎತ್ತರವಿದೆ ಎಂದರ್ಥ. ತಂತಿಯನ್ನು ಕೆಳಕ್ಕೆ ಒತ್ತುವಾಗ ಅದು ಹೆಚ್ಚು ಎಳೆದುಕೊಳ್ಳುತ್ತದೆ. ಹೊಸಬರು ಬಿ-ಫ್ಲ್ಯಾಟ್ ಕಾರ್ಡಿಗೆ ಬೆರಳು ನೋವೆಂದು ಬಿಟ್ಟುಬಿಡುವುದಕ್ಕೆ ಅರ್ಧ ಕಾರಣ ಈ ನಟ್ಟೇ. 12ನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ 2.5ರಿಂದ 3 ಮಿ.ಮೀ. ಇದ್ದರೆ ಸರಿ.

ಹೊಸತಂತಿ:
ನಟ್ ಎತ್ತರ ಇದ್ದರೆ ಮನೆಯಲ್ಲೇ ತಗ್ಗಿಸಬಹುದಾ? ಮತ್ತೆ, ಜಿ ತಂತಿ ಶ್ರುತಿಗೆ ಬರುವ ಮೊದಲೇ ತುಂಡಾಗುತ್ತದೆ ಅಂತ ಕೆಲವರು ಬರೆದಿದ್ದಾರೆ, ಯಾಕೆ?

ಬಿರಡೆ_ರಿಪೇರಿ:
ಹೆಚ್ಚಾಗಿ ಆಕ್ಟೇವ್ ತಪ್ಪಿದಾಗ. ಆ್ಯಪ್ ಬರೀ 'ಜಿ' ಎಂದು ತೋರಿಸುತ್ತದೆ, ಯಾವ ಸ್ಥಾಯಿಯದು ಎಂದು ಹೇಳುವುದಿಲ್ಲ. ಜಿ 392 ಹರ್ಟ್ಜ್, ಸಿ ಸುಮಾರು 262. ಅಂದರೆ ನಾಲ್ಕನೇ ತಂತಿ ಮೂರನೆಯದಕ್ಕಿಂತ ಮೇಲಿನ ಸ್ವರ. ಹರ್ಟ್ಜ್ ತೋರಿಸುವ ಟ್ಯೂನರ್ ಬಳಸಿ. ಉಕ್ಕಿನ ತಂತಿ ಮಾತ್ರ ಹಾಕಲೇಬೇಡಿ, ಕುದುರೆಯೇ ಕಿತ್ತುಬರುತ್ತದೆ.

ನಟ್‌ಗೆ: ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಜಾಸ್ತಿ ಇದ್ದರೆ ತಂತಿ ಸಡಿಲಿಸಿ, ಸೂಜಿ ಅರದಿಂದ ನಟ್‌ನ ಗಾಡಿಯನ್ನು (ತಂತಿ ಕೂರುವ ಸೀಳನ್ನು) ಬಿರಡೆಯ ಕಡೆಗೆ ಇಳಿಜಾರಾಗುವಂತೆ ನಾಲ್ಕೈದು ಸಲ ಉಜ್ಜಿ, ಶ್ರುತಿ ಮಾಡಿ ನೋಡಿ, ಮತ್ತೆ ಉಜ್ಜಿ. ಆತುರಪಟ್ಟರೆ ಬೆರಳಿಡದೆ ಬಿಟ್ಟ ತಂತಿಯೇ ಜರ್ ಎನ್ನುತ್ತದೆ. ಆಗ ಗಾಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಡಿ. ಗಟ್ಟಿಯಾದ ಮೇಲೆ ಹೊಸದಾಗಿ ಕೊರೆಯಬಹುದು.

12ನೇ ಫ್ರೆಟ್‌ನ ಎತ್ತರ ತಗ್ಗಿಸಲು ಮುಟ್ಟಬೇಕಾದ್ದು ಕುದುರೆಯ ಮೇಲಿನ ಸ್ಯಾಡಲ್ (ತಂತಿ ಹಾಯುವ ತೆಳು ಪಟ್ಟಿ), ಅದೂ ತಳಭಾಗ. ಗಾಜಿನ ಮೇಲೆ 220 ನಂಬರಿನ ಉಪ್ಪುಕಾಗದ ಹಾಸಿ, ಪೆನ್ಸಿಲ್ ಗೆರೆವರೆಗೆ ನೇರವಾಗಿ ಉಜ್ಜಿ. 1 ಮಿ.ಮೀ. ತೆಗೆದರೆ ತಂತಿ ಇಳಿಯುವುದು ಅರ್ಧ ಮಿ.ಮೀ. ಮಾತ್ರ.

ಬಿಳಿಐದು:
ಹಾಡುವವರಿಗೆ ಒಂದು ಸೇರಿಸುತ್ತೇನೆ: ಸಿ ಕಾರ್ಡಿನ ಷಡ್ಜ ಹಾರ್ಮೋನಿಯಂನ ಬಿಳಿ ಒಂದು. ಮೊದಲ ಮನೆಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಕಪ್ಪು ಒಂದು, ಎರಡನೆಯದಕ್ಕೆ ಬಿಳಿ ಎರಡು. ಕೇಪೊ ಯುಕುಲೇಲೆಯದೇ ಇರಲಿ, ಗಿಟಾರಿನದು ಭಾರ. ಹೊಸ ನೈಲಾನ್ ತಂತಿ ಒಂದೆರಡು ವಾರ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಬಿರಡೆಯನ್ನು ಬೈಯಬೇಡಿ.