‘ಅನುದಾನ ದಂಡ’ ಎಂದು ಬರೆಯಬಹುದೇ?

ಪ್ರಶ್ನೆ:
ಮಾನ್ಯರೇ, ಅಮೆರಿಕದ ಕನ್ನಡ ಶಾಲೆಯೊಂದರ ಸ್ವಯಂಸೇವಕ ಶಿಕ್ಷಕರಿಗಾಗಿ ಮಕ್ಕಳ ರಕ್ಷಣೆಯ ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ಮಕ್ಕಳ ಮೇಲೆ ದೌರ್ಜನ್ಯ ನಡೆದ ಸಂಶಯ ಬಂದರೆ ತಿಳಿಸಲೇಬೇಕೆಂಬ ಕಾನೂನು ಇಲ್ಲದ ರಾಜ್ಯಕ್ಕೆ, ಅಲ್ಲಿನ ಕೇಂದ್ರ ಸರ್ಕಾರದ 1974ರ ಕಾಯ್ದೆಯಡಿ ಸಿಗುವ ಹಣ ಸಿಗುವುದಿಲ್ಲ. ಇದನ್ನು ‘ಅನುದಾನ ದಂಡ’ ಎಂದೂ, ತಿಳಿಸಬೇಕಾದವರನ್ನು ‘ಕಡ್ಡಾಯ ವರದಿಗಾರರು’ ಎಂದೂ ಬರೆದಿದ್ದೇನೆ. ನಾಳೆಯೇ ಅಚ್ಚಿಗೆ ಕೊಡಬೇಕಾಗಿದೆ.

ಉತ್ತರ:
ಎರಡೂ ಸಲ್ಲವು. ‘ಕಡ್ಡಾಯ ವರದಿಗಾರ’ ಎಂದರೆ ಯಾರನ್ನೋ ಬಲವಂತವಾಗಿ ಪತ್ರಿಕೆಯ ಕೆಲಸಕ್ಕೆ ಸೇರಿಸಿದಂತೆ ಕೇಳಿಸುತ್ತದೆ. ದಂಡವೆಂಬುದು ತಪ್ಪಿತಸ್ಥನಿಂದ ವಸೂಲು ಮಾಡುವಂಥದ್ದು. ಇಲ್ಲಿ ಯಾರಿಂದಲೂ ಏನನ್ನೂ ಕಸಿಯುತ್ತಿಲ್ಲ, ಷರತ್ತು ಪೂರೈಸದ ರಾಜ್ಯಕ್ಕೆ ಕೊಡುವುದನ್ನು ಕೊಡುವುದಿಲ್ಲ, ಅಷ್ಟೆ. ನಮ್ಮ ಅನುದಾನಿತ ಶಾಲೆಗಳವರಿಗೆ ಚಿರಪರಿಚಿತವಾದ ‘ಅನುದಾನ ತಡೆಹಿಡಿಯುವಿಕೆ’ ಇರುವಾಗ ಹೊಸ ಸಮಾಸವೇಕೆ?

ಇದು ಬರಿಯ ಮಡಿವಂತಿಕೆಯಲ್ಲ. ವಿಷಯ ಮುಚ್ಚಿಟ್ಟ ವ್ಯಕ್ತಿಗೆ ಅಲ್ಲಿನ ಬಹುತೇಕ ರಾಜ್ಯಗಳ ಕಾನೂನುಗಳಲ್ಲಿ ಪ್ರತ್ಯೇಕ ಶಿಕ್ಷೆಯಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಭಾರತದ 2012ರ ಪೋಕ್ಸೊ ಕಾಯ್ದೆಯೂ 19ನೆಯ ಕಲಮಿನಲ್ಲಿ ತಿಳಿಸುವ ಹೊಣೆಯನ್ನು ಹೊರಿಸಿ, 21ನೆಯ ಕಲಮಿನಲ್ಲಿ ತಿಳಿಸದವರಿಗೆ ಆರು ತಿಂಗಳವರೆಗಿನ ಸೆರೆವಾಸವನ್ನು ಇಲ್ಲವೇ ಜುಲ್ಮಾನೆಯನ್ನು ಅಥವಾ ಎರಡನ್ನೂ, ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. ದಂಡನೆಯೆಂಬ ಮಾತು ಒಪ್ಪುವುದು ಇಂಥಲ್ಲಿ. ರಾಜ್ಯಕ್ಕೆ ಹಣ ತಪ್ಪುವುದನ್ನೂ ದಂಡವೆಂದೇ ಬರೆದರೆ, ಕಷ್ಟವೆಲ್ಲ ಸರ್ಕಾರದ್ದು, ತನಗೇನೂ ಆಗದು ಎಂದು ಶಿಕ್ಷಕರು ನೆಮ್ಮದಿಯಿಂದಿದ್ದಾರು.

‘ಮಾಹಿತಿ ನೀಡಲು ಬಾಧ್ಯರಾದವರು’ ಎಂದು ಬರೆಯಿರಿ. ‘ದೂರು’ ಎಂಬುದನ್ನಂತೂ ಬಳಸಬೇಡಿ. ದೂರುವವನು ಆರೋಪ ಹೊರಿಸುತ್ತಾನೆ. ಇಲ್ಲಿ ಸಕಾರಣವಾದ ಸಂಶಯವಿದ್ದರೆ ಸಾಕು, ಸಾಕ್ಷ್ಯ ಹುಡುಕುವ ಹೊಣೆ ಶಿಕ್ಷಕರದಲ್ಲ.

ಇನ್ನೊಬ್ಬರ ಉತ್ತರ:
ಅನುದಾನ, ಬಾಧ್ಯ ಎರಡೂ ಸಂಸ್ಕೃತ. ಮಾಹಿತಿ, ವರದಿ ಎರಡೂ ಮರಾಠಿಯಿಂದ ಬಂದವು. ಕೈಪಿಡಿ ಕನ್ನಡದ್ದೋ, ಕಚೇರಿಯದ್ದೋ? ‘ನೆರವು ತಡೆ’, ‘ತಿಳಿಸಲೇಬೇಕಾದವರು’ ಎಂದರೆ ಯಾರಿಗೆ ಅರ್ಥವಾಗದು?

ಮೊದಲು ಉತ್ತರಿಸಿದವರಿಂದ:
ಕಚೇರಿ, ಕಾಯ್ದೆ, ಷರತ್ತು, ವಸೂಲು ಇವೂ ಹೊರಗಿನವೇ. ಎಲ್ಲವನ್ನೂ ಹೊರಗಟ್ಟಿದ ಮೇಲೆ ಈ ಕಾನೂನನ್ನು ವಿವರಿಸುವ ಭಾರವನ್ನು ತಾವೇ ಹೊರಬೇಕಾದೀತು. ‘ತಿಳಿಸಲೇಬೇಕಾದವರು’ ನನ್ನ ಸಲಹೆಗಿಂತ ಚೆನ್ನಾಗಿದೆ, ಅದನ್ನೇ ಅಚ್ಚು ಮಾಡಿಸಿ. ‘ನೆರವು ತಡೆ’ ಮಾತ್ರ ಬೇಡ; ನೊಂದ ಮಗುವಿಗೆ ಸಿಗಬೇಕಾದ ಸಹಾಯವನ್ನೇ ನಿಲ್ಲಿಸುತ್ತಾರೆಂದು ಓದುವವರು ತಿಳಿದಾರು.